ಅಕ್ಷರ ಗುಂಡು ಓದಿದ ಪಾದ್ರಿ ಮನೆ ಮಗ

ಚಳ್ಳಕೆರೆಯಿಂದ ಹಾನಗಲ್, ರಾಂಪುರ ದಾಟಿ ಬಳ್ಳಾರಿಗೆ ಹೋಗೋ ರಸ್ತೆ ನಮ್ ಕಡೆಯೋರಿಗೆಲ್ಲ ಗೊತ್ತು. ಶೇಂಗಾ ಹೊಲ, ಜಾಲಿ ಗಿಡ, ಬೋಳು ಗುಡ್ಡ, ಎತ್ತ ನೋಡಿದ್ರೂ ಗುಂಡುಕಲ್ಲು. ಈ ಕಲ್ಲುಗಳ ನಡುವೆ, ಮೊಳಕಾಲ್ಮೂರು ತಾಲ್ಲೂಕಿನಾಗೆ, ಅಕ್ಷರ ಕೆತ್ತಿದ ಮೂರು ಬಂಡೆ ಅವೆ. ಒಂದು ಬ್ರಹ್ಮಗಿರಿ ಬುಡದಾಗೆ, ಇನ್ನೊಂದು ಸಿದ್ದಾಪುರದ ಹತ್ರ, ಮೂರನೇದು ಜಟಿಂಗ ರಾಮೇಶ್ವರ ಬೆಟ್ಟದ ಮ್ಯಾಲೆ. ಮೂರೂ ಅಶೋಕ ಚಕ್ರವರ್ತಿ ಬರೆಸಿದ್ದು, ಕ್ರಿಸ್ತ ಹುಟ್ಟೋಕೆ ಇನ್ನೂರೈವತ್ತು ವರ್ಷ ಮುಂಚೆ. ಅದಕ್ಕೇ ಆ ಸಿದ್ದಾಪುರನ್ನ ಅಶೋಕ ಸಿದ್ದಾಪುರ ಅಂತಾನೇ ಕರೀತಾರೆ.

ಬ್ರಹ್ಮಗಿರಿ ಬಂಡೆಗೆ ಊರ ಜನ ಇಟ್ಟಿದ್ದ ಹೆಸರು ಅಕ್ಷರ ಗುಂಡು. ಅದ್ರಾಗೆ ಏನೈತೆ ಅಂತ ಯಾರಿಗೂ ಗೊತ್ತಿರಲಿಲ್ಲ. ಎಷ್ಟೋ ನೂರು ವರ್ಷದಿಂದ ಆ ಲಿಪಿ ಓದೋರೇ ಇಲ್ಲವಾಗಿದ್ರು. ಆದ್ರೂ ಅದು ಗೆರೆಯಲ್ಲ, ಗೀರಲ್ಲ, ಅಕ್ಷರ ಅನ್ನೋದು ದನ ಕಾಯೋರಿಗೂ ತಿಳಿದಿತ್ತು. ಜಟಿಂಗ ರಾಮೇಶ್ವರದ ಮ್ಯಾಲಿನ ಬಂಡೆಗೆ ಬಳೆಗಾರ ಗುಂಡು ಅಂತ ಹೆಸರು. ಜಾತ್ರೆಗೆ ಬಂದ ಬಳೆಗಾರರು ಅದರ ಮ್ಯಾಲೇ ಅಂಗಡಿ ಹೂಡ್ತಿದ್ರು. ಹೆಣ್ಮಕ್ಕಳು ಅಲ್ಲೇ ಕೂತು ಕೈ ನೀಡಿ ಬಳೆ ಇಡಿಸ್ಕೊಳ್ತಿದ್ರು. ಅಶೋಕನ ಮಾತಿನ ಮ್ಯಾಲೆ ಕೂತಿದ್ದೀವಿ ಅಂತ ಯಾರಿಗೆ ಗೊತ್ತು? ಓಡಾಡಿ ಓಡಾಡಿ ಅಲ್ಲಿನ ಅಕ್ಷರ ಬಹಳ ಸವೆದು ಹೋಗ್ಯಾವೆ.

ನಾನು ಹುಟ್ಟಿದ್ದು ಮೊಳಕಾಲ್ಮೂರು ಕಡೆ, ನನ್ನ ಕೊಟ್ಟಿದ್ದು ಚಳ್ಳಕೆರೆಗೆ. ಎರಡೂ ಮನೆ ಸತ್ಯವೇದ ಓದೋ ಮನೆ. ನಮ್ ಕಡೆ ಕ್ರೈಸ್ತರು ಅಂದ್ರೆ ಊರಿಗೆ ನಾಕು ಮನೆ, ಎಂಟು ಮನೆ. ಹಿಂಗಾಗಿ ಮಕ್ಕಳಿಗೆ ನಂಬಿಕೆ ಕಲಿಸೋದು ಹೆಂಗೆ ಅನ್ನೋದು ನಮ್ಮ ಮನೆಗಳಾಗೆ ದಿನಾ ಬರೋ ಮಾತು. ಸಭೆ ದೂರ, ಸಭಾಪಾಲಕರು ಬರೋದು ತಿಂಗಳಿಗೊಂದ್ಸಲ ಎರಡ್ಸಲ. ಉಳಿದದ್ದೆಲ್ಲ ಒಲೆ ಮುಂದೆ, ಶೇಂಗಾ ಬಿಡಿಸ್ತಾ, ಮಗ್ಗದ ಪಕ್ಕ ಕೂತು ಕಲಿಸ್ಬೇಕು. ಅದಕ್ಕೇ ಈ ಮೂರು ಬಂಡೆ ಕಥೆ ನಂಗೆ ನಮ್ಮನೆ ಕಥೆ ಥರಾನೇ ಕಾಣ್ತೈತೆ. ಯಾಕಂದ್ರೆ ಅವನ್ನ 1892ರಲ್ಲಿ ಲೋಕಕ್ಕೆ ತೋರಿಸಿದವರು ಒಬ್ಬ ಮಿಷನರಿಯ ಮಗ. ಹೆಸರು ಬೆಂಜಮಿನ್ ಲೂಯಿಸ್ ರೈಸ್. ನಮ್ಮ ಕನ್ನಡದೋರು ಅವರನ್ನ ಶಾಸನ ಪಿತಾಮಹ ಅಂತಾರೆ.

ಮೊದ್ಲು ಬಂಡೆ ಮ್ಯಾಲೆ ಏನೈತೆ ಅಂತ ಹೇಳ್ಬಿಡ್ತೀನಿ.

ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಸುವರ್ಣಗಿರಿಯಾಗಿದ್ದ ರಾಜಕುಮಾರನೂ ಅಲ್ಲಿನ ಮಹಾಮಾತ್ರರೂ ಇಸಿಲ ಅನ್ನೋ ಊರಿನ ಮಹಾಮಾತ್ರರಿಗೆ ಕಳಿಸಿದ ಓಲೆ ಅದು. ಆ ಇಸಿಲ ಅಂದ್ರೆ ಈ ಬ್ರಹ್ಮಗಿರಿ ಹತ್ರದ ಹಳೇ ಊರೇ ಅಂತ ಬಲ್ಲೋರು ಹೇಳ್ತಾರೆ. ಮೊದಲಿಗೇ ಆರೋಗ್ಯ ವಿಚಾರಿಸೋ ಮಾತು ಬರ್ತೈತೆ. ನಮ್ಮಜ್ಜಿ ಕಾಲದ ಕಾಗದಗಳಾಗೆ ‘ಇತ್ತ ಕಡೆ ಕ್ಷೇಮ, ಅತ್ತ ಕಡೆ ಕ್ಷೇಮಕ್ಕೆ ಕಾಗದ ಬರೆಯೋದು’ ಅಂತ ಇರ್ತಿತ್ತಲ್ಲ, ಹಂಗೇ. ಚಕ್ರವರ್ತಿ ಅಪ್ಪಣೆ ಆದ್ರೂ ಮೊದ್ಲು ಚೆನ್ನಾಗಿದ್ದೀರಾ ಅಂತ ಕೇಳಿ ಆಮ್ಯಾಲೆ ಮುಂದಿನ ಮಾತು.

ಆಮ್ಯಾಲೆ ಅಶೋಕ ತನ್ನ ವಿಷಯ ಹೇಳ್ಕೊಳ್ತಾನೆ. ತಾನು ಬುದ್ಧನ ದಾರಿ ಹಿಡಿದು ಎರಡೂವರೆ ವರ್ಷಕ್ಕೂ ಮೇಲಾಯ್ತು, ಮೊದಲ ಒಂದು ವರ್ಷ ಅಷ್ಟು ಶ್ರದ್ಧೆ ತೋರಿಸ್ಲಿಲ್ಲ, ಸಂಘದ ಹತ್ರ ಬಂದ ಮ್ಯಾಲೆ ಶ್ರದ್ಧೆ ಹೆಚ್ಚಾಯ್ತು ಅಂತಾನೆ. ಈ ಫಲ ದೊಡ್ಡೋರಿಗೆ ಮಾತ್ರ ಅಲ್ಲ, ಸಣ್ಣೋರಿಗೂ ಸಿಗ್ತೈತೆ, ಶ್ರಮ ಇದ್ರೆ ಸಾಕು ಅನ್ನೋದು ಅದರ ಸಾರ. ಕೊನೆಗೆ ಬರೋದು ಮನೆ ಮಾತು. ತಾಯಿ ತಂದೆ ಮಾತು ಕೇಳ್ಬೇಕು, ಜೀವಿಗಳ ಮ್ಯಾಲೆ ದಯೆ ಇರ್ಬೇಕು, ಸತ್ಯ ಹೇಳ್ಬೇಕು, ಶಿಷ್ಯ ಗುರುವಿಗೆ ಮರ್ಯಾದೆ ಕೊಡ್ಬೇಕು, ನೆಂಟರ ಜೊತೆ ತಕ್ಕಂಗೆ ನಡ್ಕೋಬೇಕು. ಇದು ಹಿಂದಿನಿಂದ ಬಂದ ಪದ್ಧತಿ, ಇದ್ರಿಂದ ಆಯಸ್ಸು ಹೆಚ್ತೈತೆ, ಹಿಂಗೇ ನಡೀರಿ ಅಂತ ಮುಗೀತೈತೆ.

ಇದನ್ನ ಕೇಳಿದ ನಮ್ಮತ್ತೆ, ‘ಅಯ್ಯೋ, ಇದು ನಮ್ ಮೋಶೆ ಕಲ್ಲಿನ ಮಾತೇ ಅಲ್ವಾ’ ಅಂದಿದ್ರು. ಹತ್ತು ಆಜ್ಞೆ ಬರೆದಿದ್ದೂ ಕಲ್ಲಿನ ಮ್ಯಾಲೆ. ಅದ್ರಾಗೆ ಐದನೇದು ತಂದೆತಾಯಿಗೆ ಮರ್ಯಾದೆ ಕೊಡೋದು. ಹಂಗೆ ನಡೆದ್ರೆ ಆಯಸ್ಸು ಹೆಚ್ಚು ಅನ್ನೋ ಮಾತೂ ಅದರ ಜೊತೆಗೇ ಐತೆ. ಎರಡೂ ಒಂದೇ ಅಂತ ನಾನು ಹೇಳಲ್ಲ. ಒಂದು ಸೀನಾಯಿ ಬೆಟ್ಟದ್ದು, ಒಂದು ಬ್ರಹ್ಮಗಿರಿದು. ಒಂದು ದೇವರ ಆಜ್ಞೆ ಅಂತ ನಂಬಿರೋದು, ಇನ್ನೊಂದು ಅರಸ ಹೇಳಿ ಬರೆಸಿದ್ದು. ಆದ್ರೆ ಎರಡೂ ದೊಡ್ಡ ಮಾತಿಗೆ ಹೋಗೋ ಮುಂಚೆ ಮನೆ ಬಾಗಿಲಿಗೇ ಬರ್ತಾವೆ ಅನ್ನೋದು ನಿಜ. ಅಪ್ಪ, ಅವ್ವ, ಗುರು, ನೆಂಟರು. ಅಲ್ಲಿಂದ್ಲೇ ಶುರು.

ಇನ್ನು ಓದಿದವರ ಕಥೆ. ಅದಕ್ಕೆ ಸ್ವಲ್ಪ ಹಿಂದಕ್ಕೆ, ನಮ್ಮ ಬಳ್ಳಾರಿಗೇ ಹೋಗ್ಬೇಕು.

ಮೊಳಕಾಲ್ಮೂರು ಮೈಸೂರು ಸೀಮೆ, ಪಕ್ಕದ ಬಳ್ಳಾರಿ ಮದ್ರಾಸು ಸರ್ಕಾರದ್ದು. 1810ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ನೆಲೆಸಿದ್ರು. ಬಂದ ಮನುಷ್ಯನಿಗೆ ಕನ್ನಡ ಬರಲ್ಲ. ಕಲಿಯೋಣ ಅಂದ್ರೆ ಇಂಗ್ಲಿಷಿನೋರಿಗಾಗಿ ಅಚ್ಚಾದ ಒಂದು ಕನ್ನಡ ವ್ಯಾಕರಣ ಇಲ್ಲ, ನಿಘಂಟು ಇಲ್ಲ. ವಿಲಿಯಂ ಕೇರಿ ಬರೆದ ಕನ್ನಡ ವ್ಯಾಕರಣ ಅಚ್ಚಾಗಿದ್ದು 1817ರಲ್ಲಿ. ಹಿಂಗಾಗಿ ಕೂತು, ಕೇಳಿ, ಬರ್ಕೊಂಡು, ತಪ್ಪಾಗಿದ್ರೆ ಹೊಡೆದು ಹಾಕಿ, ಮತ್ತೆ ಕೇಳಿ ಕಲೀಬೇಕಿತ್ತು. 1820ರ ದಶಕದ ಮೊದಲಿಗೆ ಕನ್ನಡದಾಗೆ ಹೊಸ ಒಡಂಬಡಿಕೆ, 1830ರ ದಶಕದ ಮೊದಲಿಗೆ ಇಡೀ ಸತ್ಯವೇದ ಬಂತು. ಹ್ಯಾಂಡ್ಸ್ ಜೊತೆಗಾರ ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ ಹೊರಬಂತು.

ಲೆಕ್ಕ ಹಾಕಿ ನೋಡ್ರಿ. ಇಪ್ಪತ್ತು ವರ್ಷ ಆಯ್ತು. ಬೋಧನೆ ಮಾಡೋಕೆ ಅಂತ ಬಂದೋರು ಬಹಳ ಕಾಲ ಮಾಡಿದ್ದು ಕೇಳೋ ಕೆಲಸ. ಉಪ್ಪು, ಒರಳು, ಬಿತ್ತನೆ, ಬಾಣಂತಿ, ಸಾಲ, ಸೂತಕ, ಇವಕ್ಕೆಲ್ಲ ಜನ ಏನಂತಾರೆ ಅಂತ ತಿಳೀದೆ ಸುವಾರ್ತೆ ಕನ್ನಡಕ್ಕೆ ಬರೋದಾದ್ರೂ ಹೆಂಗೆ? ಹುಳಿಹಿಟ್ಟಿನ ಸಾಮ್ಯ ಹೇಳ್ಬೇಕಂದ್ರೆ ಹಿಟ್ಟು ಹುಳಿ ಬರಿಸೋದು ಹೆಂಗೆ, ಅದಕ್ಕೆ ಏನು ಮಾತು ಅಂತ ಅಡಿಗೆಮನೇನೇ ಕೇಳ್ಬೇಕು. ಮುಂದೆ ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟ್ಟೆಲ್ ಅವರು 1894ರಲ್ಲಿ ತಂದ ದೊಡ್ಡ ನಿಘಂಟನ್ನ ತೆಗೆದು ನೋಡಿದ್ರೆ ಹಳೇ ಕಾವ್ಯದ ಪಕ್ಕದಾಗೇ ಮನೆ ಮಾತಿನ ಗಾದೆ ಕೂತಿರ್ತಾವೆ. ಯಾರೋ ಅವ್ವ, ಯಾರೋ ಒಕ್ಕಲಿಗ, ಯಾರೋ ಪಂತೋಜಿ ಹೇಳಿದ ಮಾತು ಅವು.

ಲೂಯಿಸ್ ಅವರ ಅಪ್ಪ ಬೆಂಜಮಿನ್ ರೈಸ್ ಅವರೂ ಇದೇ ಲಂಡನ್ ಮಿಷನ್ನಿನೋರು. 1837ರಲ್ಲಿ ಬೆಂಗಳೂರಿಗೆ ಬಂದ್ರು. ಅದೇ ವರ್ಷ ಜುಲೈನಾಗೆ ಲೂಯಿಸ್ ಬೆಂಗಳೂರಾಗೇ ಹುಟ್ಟಿದ್ರು. ಇನ್ನೊಂದು ಮಾತು ಇಲ್ಲೇ ಹೇಳ್ಬೇಕು. ಕಲ್ಕತ್ತಾದಾಗೆ ಜೇಮ್ಸ್ ಪ್ರಿನ್ಸೆಪ್ ಅನ್ನೋ ನಾಣ್ಯಶಾಲೆ ಅಧಿಕಾರಿ ಬ್ರಾಹ್ಮಿ ಲಿಪಿಯ ಗುಟ್ಟು ಬಿಡಿಸಿ ಅಶೋಕನ ಕಂಬಗಳನ್ನ ಓದಿದ್ದೂ 1837ರಲ್ಲೇ. ಬೀಗದ ಕೈ ಅಲ್ಲಿ ಸಿಕ್ಕಿದ ವರ್ಷವೇ ನಮ್ಮ ಮೊಳಕಾಲ್ಮೂರಿನ ಬೀಗ ತೆಗೆಯೋ ಕೂಸು ಇಲ್ಲಿ ತೊಟ್ಟಿಲಾಗಿತ್ತು.

ಬೆಂಜಮಿನ್ ರೈಸ್ ಐವತ್ತು ವರ್ಷ ಕರ್ನಾಟಕದಾಗೇ ಕೆಲಸ ಮಾಡಿದ್ರು. ಪೇಟೆ ಬೀದಿಯಾಗೆ ಕನ್ನಡದಾಗೆ ಬೋಧನೆ, ಶಾಲೆ ನಡೆಸೋದು, ಪುಸ್ತಕ ಬರೆಯೋದು, ಮೊದಲು ಆಗಿದ್ದ ಕನ್ನಡ ಸತ್ಯವೇದನ್ನ ತಿದ್ದಿ ಸರಿಮಾಡೋದು. 1840ರ ದಶಕದಾಗೆ ಬೆಂಗಳೂರು ಪೇಟೆಯಾಗೆ ಕನ್ನಡ ಹೆಣ್ಮಕ್ಕಳಿಗೆ ಶಾಲೆ ಶುರುವಾದಾಗ ಅದರ ಹಿಂದೆ ಮಿಷನರಿಗಳ ಹೆಂಡಂದಿರು ಇದ್ರು, ಬೆಂಜಮಿನ್ ರೈಸ್ ಅವರ ಮನೆಯೋರೂ ಇದ್ರು. 1887ರಲ್ಲಿ ಅವರು ತೀರ್ಕೊಂಡ್ರು. ಬೆಂಗಳೂರಿನ ಅವೆನ್ಯೂ ರಸ್ತೆಯಾಗೆ ಇವತ್ತಿಗೂ ರೈಸ್ ಸ್ಮಾರಕ ಚರ್ಚ್ ಐತೆ. ಜನಗಳ ನೂಕುನುಗ್ಗಲು, ಪುಸ್ತಕದಂಗಡಿ ನಡುವೆ ಐತೆ. ಬೆಂಗಳೂರಿಗೆ ಹೋದ್ರೆ ನೋಡ್ರಿ.

ಈ ಮಿಷನರಿ ಮನೆಗಳಾಗೆ ಒಂದು ಸಂಕಟ ಇತ್ತು. ಮಕ್ಕಳು ಸ್ವಲ್ಪ ದೊಡ್ಡೋರಾದ ಕೂಡ್ಲೇ ಓದೋಕೆ ಅಂತ ಇಂಗ್ಲೆಂಡಿಗೆ ಕಳಿಸ್ತಿದ್ರು. ಇಂಥ ಮಕ್ಕಳಿಗೇ ಅಂತ ಲಂಡನ್ ಹತ್ರ ವಾಲ್ಥಮ್‌ಸ್ಟೋದಾಗೆ 1838ರಲ್ಲಿ ಹೆಣ್ಮಕ್ಕಳಿಗೆ, 1842ರಲ್ಲಿ ಗಂಡುಮಕ್ಕಳಿಗೆ ಹಾಸ್ಟೆಲ್ ಶಾಲೆ ತೆಗೆದಿದ್ರು ಅಂದ್ರೆ ಎಷ್ಟು ಮನೆಗಳ ಕಥೆ ಇದು ಅಂತ ತಿಳ್ಕೊಳ್ರಿ. ಸೂಯೆಜ್ ಕಾಲುವೆ ತೆಗೆದಿದ್ದು 1869ರಲ್ಲಿ. ಅದಕ್ಕೆ ಮುಂಚೆ ಹಾಯಿಹಡಗಿನಾಗೆ ಆಫ್ರಿಕಾ ಸುತ್ತಿ ಹೋಗ್ಬೇಕಂದ್ರೆ ತಿಂಗಳುಗಟ್ಟಲೆ. ಹೋದ ಮಗು ಮತ್ತೆ ಕಣ್ಣಿಗೆ ಬೀಳೋದು ಎಷ್ಟೋ ವರ್ಷಕ್ಕೆ. ಮಗೂಗೆ ಜ್ವರ ಬಂದಿತ್ತು ಅಂತ ಕಾಗದ ಬರೋ ಹೊತ್ತಿಗೆ ಜ್ವರ ಬಿಟ್ಟು ಎಷ್ಟೋ ದಿನ ಆಗಿರ್ತಿತ್ತು. ಇಲ್ಲಿ ಊರ ಮಕ್ಕಳಿಗೆ ಪಾಠ ಹೇಳೋ ತಾಯಿ, ತನ್ನ ಮಕ್ಕಳಿಗೆ ಹೇಳಬೇಕಾದ ಮಾತನ್ನ ಕಾಗದದಾಗೆ ಬರೀಬೇಕು. ಕುರಿ ಹೊಡ್ಕೊಂಡು ಆರು ತಿಂಗಳು ಮನೆ ಬಿಟ್ಟು ಹೋಗೋ ಗಂಡಸರನ್ನ ನೋಡಿದ ನಮ್ ಕಡೆ ಹೆಣ್ಮಕ್ಕಳಿಗೆ ಈ ಸಂಕಟ ಬಿಡಿಸಿ ಹೇಳ್ಬೇಕಾಗಿಲ್ಲ. ದಾವಣಗೆರೆ, ಬೆಂಗಳೂರು ಹಾಸ್ಟೆಲ್‌ಗೆ ಮಗನ್ನ ಬಿಟ್ಟು ಬಂದ ದಿನ ಉಣ್ಣೋಕಾಗದ ಅವ್ವಂದಿರಿಗೂ ಗೊತ್ತು.

ಲೂಯಿಸ್ ಕೂಡ ಓದಿದ್ದು ಇಂಗ್ಲೆಂಡಿನಾಗೆ. 1860ರಲ್ಲಿ ವಾಪಸ್ ಬಂದ್ರು. ಆದ್ರೆ ಅಪ್ಪನ ಥರ ಪಾದ್ರಿ ಆಗಿ ಬರ್ಲಿಲ್ಲ. ಬೆಂಗಳೂರು ಹೈಸ್ಕೂಲಿಗೆ ಮುಖ್ಯಸ್ಥರಾಗಿ ಬಂದ್ರು, ಮುಂದೆ ಅದೇ ಸೆಂಟ್ರಲ್ ಕಾಲೇಜು ಆಯ್ತು. ಆಮ್ಯಾಲೆ ಶಾಲೆ ಇನ್‌ಸ್ಪೆಕ್ಟರ್, ಮುಂದೆ ಮೈಸೂರು ಸೀಮೆಯ ವಿದ್ಯಾ ಇಲಾಖೆ ನಿರ್ದೇಶಕರು. ಶಾಲೆ ನೋಡೋಕೆ ಹಳ್ಳಿ ಹಳ್ಳಿ ತಿರುಗೋವಾಗ ಅವರ ಕಣ್ಣಿಗೆ ಬಿದ್ದದ್ದು ಕಲ್ಲು. ಗುಡಿ ಮುಂದೆ, ಕೆರೆ ಏರಿ ಮ್ಯಾಲೆ, ಹೊಲದ ಬದಿಯಾಗೆ, ಎಲ್ಲಿ ನೋಡಿದ್ರೂ ಬರೆದ ಕಲ್ಲು. 1865ರಲ್ಲಿ ಮೇಜರ್ ಡಿಕ್ಸನ್ ಅನ್ನೋ ಸೇನಾಧಿಕಾರಿ ಶಾಸನಗಳ ಫೋಟೋ ತೆಗೆದಿದ್ರು. ಅವನ್ನ ಓದಿ ಅರ್ಥ ಹೇಳೋ ಕೆಲಸ ರೈಸ್ ಪಾಲಿಗೆ ಬಂತು. ಅದರ ಫಲ 1879ರ ‘ಮೈಸೂರು ಇನ್‌ಸ್ಕ್ರಿಪ್ಷನ್ಸ್’ ಪುಸ್ತಕ.

ಅಲ್ಲಿಂದ ಮುಂದೆ ಅದೇ ಅವರ ಬದುಕಾಯ್ತು. 1880ರ ದಶಕದಾಗೆ ಮೈಸೂರು ಪುರಾತತ್ವ ಇಲಾಖೆ ಅವರ ಕೈಗೆ ಬಂತು. 1886ರಿಂದ 1904ರ ತನಕ ‘ಎಪಿಗ್ರಾಫಿಯಾ ಕರ್ನಾಟಿಕಾ’ ಹನ್ನೆರಡು ಸಂಪುಟ ತಂದ್ರು. ಸುಮಾರು 9,000 ಶಾಸನ. ನಮ್ಮ ಚಿತ್ರದುರ್ಗ ಜಿಲ್ಲೆದು 11ನೇ ಸಂಪುಟ. ಪಕ್ಕದಾಗೆ ಕನ್ನಡ ಸಂಸ್ಕೃತ ಬಲ್ಲ ಪಂಡಿತರಿದ್ರು, ಹಳ್ಳಿ ತೋರಿಸೋ ಶಾನುಭೋಗರಿದ್ರು, ಕಲ್ಲು ತೊಳೆಯೋ ಆಳುಗಳಿದ್ರು. ಒಬ್ಬರ ಹೆಸರು ಪುಸ್ತಕದ ಮ್ಯಾಲೆ ಇದ್ರೂ ಕೆಲಸ ಎಲ್ಲರದು.

ಶಾಸನದ ಅಚ್ಚು ತೆಗೆಯೋದು ಹೆಂಗೆ ಅಂತ ನೋಡಿದ್ದೀರಾ? ಮೊದ್ಲು ಕಲ್ಲಿನ ಮ್ಯಾಲಿನ ಪಾಚಿ, ಸುಣ್ಣ, ಎಣ್ಣೆ ಜಿಡ್ಡು ತಿಕ್ಕಿ ತೊಳೀಬೇಕು. ಒದ್ದೆ ಕಾಗದ ಹಾಸಿ, ಗಾಳಿ ಗುಳ್ಳೆ ನಿಲ್ಲದಂಗೆ ಸವರಿ, ಬ್ರಷ್ಷಿನಾಗೆ ಮೆಲ್ಲಗೆ ಬಡೀಬೇಕು. ಕಾಗದ ಅಕ್ಷರದ ಗುಣಿಯೊಳಗೆ ಇಳೀತೈತೆ. ಆಮ್ಯಾಲೆ ಮಸಿ ಒತ್ತಿದ್ರೆ ಮೇಲ್ಮೈ ಕಪ್ಪು, ಅಕ್ಷರ ಬಿಳಿ. ಜೋರಾಗಿ ಬಡಿದ್ರೆ ಕಾಗದ ಹರೀತೈತೆ, ಮೆತ್ತಗೆ ಬಡಿದ್ರೆ ಅಕ್ಷರ ಏಳಲ್ಲ. ರೊಟ್ಟಿ ತಟ್ಟೋರಿಗೆ ಈ ಹದ ತಿಳೀತೈತೆ. ಅವಸರದೋರ ಕೈಯಾಗೆ ಎರಡೂ ಕೆಡ್ತಾವೆ.

1892ರಲ್ಲಿ ಹಿಂಗೆ ಮೊಳಕಾಲ್ಮೂರು ತಾಲ್ಲೂಕಿನ ಮೂರು ಬಂಡೆ ಮಾತಾಡಿದ್ವು. ಅಶೋಕನ ಮಾತು ಇಷ್ಟು ದಕ್ಷಿಣಕ್ಕೆ ಮುಟ್ಟಿತ್ತು ಅಂತ ಆಗ ಲೋಕಕ್ಕೆ ಗೊತ್ತಾಯ್ತು. ಮೌರ್ಯರ ರಾಜ್ಯ ಎಲ್ಲಿ ತನಕ ಇತ್ತು ಅನ್ನೋ ನಕ್ಷೇನೇ ಬದಲಾಯ್ತು. ಮುಂದೆ 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಾಗೆ ಅಗೆದು, ಅಶೋಕನಿಗಿಂತ ಮುಂಚಿನಿಂದ್ಲೂ ಅಲ್ಲಿ ಜನ ಇದ್ರು ಅಂತ ತೋರಿಸಿದ್ರು. ಎಲ್ಲಕ್ಕೂ ದಾರಿ ತೆಗೆದದ್ದು ಆ ಅಕ್ಷರ ಗುಂಡು.

ಈಗ ನಮ್ಮನೆ ಮಾತಿಗೆ ಬರ್ತೀನಿ.

ನಮ್ಮಪ್ಪಂಗೆ ಒಂದು ಆಸೆ ಇತ್ತು, ನನ್ನ ತಮ್ಮ ಸಭಾಪಾಲಕ ಆಗ್ಬೇಕು ಅಂತ. ಅಪ್ಪ ಸೈಕಲ್ಲಿನಾಗೆ ಹಳ್ಳಿ ಹಳ್ಳಿಗೆ ಹೋಗಿ ಪ್ರಾರ್ಥನೆ ಕೂಟ ನಡೆಸಿ ಬರೋರು. ಮನೆಯಾಗೆ ಸಂಜೆ ಸತ್ಯವೇದ ಓದದೇ ತಟ್ಟೆ ಹಾಕ್ತಿರಲಿಲ್ಲ. ತಮ್ಮ ಓದಿ ಸರ್ಕಾರಿ ಶಾಲೆ ಮೇಷ್ಟ್ರಾದ. ಊರ ಹೊರಗಿನ ಹಟ್ಟಿ ಶಾಲೆ. ಅಲ್ಲಿ ಒಂದೂ ಕ್ರೈಸ್ತರ ಮನೆ ಇಲ್ಲ. ಸಂಜೆ ಶಾಲೆ ಬಿಟ್ಟ ಮ್ಯಾಲೆ ಕುರಿ ಕಾಯೋ ಮಕ್ಕಳನ್ನ ಕೂರಿಸ್ಕೊಂಡು ಓದಿಸ್ತಾನೆ, ಹಟ್ಟಿ ಅಜ್ಜಂದಿರ ಹತ್ರ ಕೂತು ಅವರ ದೇವರ ಕಥೆ ಕೇಳಿ ಬರ್ಕೊಳ್ತಾನೆ. ಅಪ್ಪಂಗೆ ಅದು ನಷ್ಟ ಅನ್ನಿಸ್ತಿತ್ತು. ‘ನಮ್ಮ ದೀಪ ನನ್ನ ಕಾಲಕ್ಕೇ ಮುಗೀತು’ ಅಂತ ಒಂದ್ಸಲ ಅವ್ವನ ಹತ್ರ ಅಂದಿದ್ರು. ಅವ್ವ ಹೇಳಿದ್ದು ಇಷ್ಟೇ: ‘ದೀಪ ಅಂದ್ರೆ ಸೀಮೆಎಣ್ಣೆ ಬುಡ್ಡಿ ಅಲ್ಲ ಕಣ್ರೀ, ಬೆಳಕು. ಬುಡ್ಡಿ ಯಾವುದಾದ್ರೇನು?’

ಬೆಂಜಮಿನ್ ರೈಸ್ ಅವರ ಮನೆಯಾಗೂ ಈ ಪ್ರಶ್ನೆ ಇದ್ದೇ ಇರ್ಬೇಕು ಅಂತ ನಂಗೆ ಅನ್ನಿಸ್ತೈತೆ. ಅಪ್ಪ ಬಂದದ್ದು ಒಂದೇ ಪುಸ್ತಕನ್ನ ಜನರ ಕೈಗೆ ಕೊಡೋಕೆ. ಮಗ ಬದುಕು ಕಳೆದದ್ದು ಜೈನರ ನಿಸಿದಿ ಕಲ್ಲು, ಶೈವರ ದಾನದ ಕಲ್ಲು, ವೈಷ್ಣವರ ಗುಡಿ ಕಲ್ಲು, ಬೌದ್ಧ ಅರಸನ ಬಂಡೆ ಓದೋದ್ರಾಗೆ. ಜೈನ ಕವಿ ಪಂಪನ ಭಾರತ ಅಚ್ಚಾಗಿ ಹೊರಬಂದದ್ದು 1898ರಲ್ಲಿ, ಅದೂ ಲೂಯಿಸ್ ರೈಸ್ ಅವರ ಕೈಯಿಂದ. ಮೇಲ್ನೋಟಕ್ಕೆ ಮಗ ದಾರಿ ಬಿಟ್ಟ ಅಂತಾನೇ ಕಾಣ್ತೈತೆ.

ಆದ್ರೆ ಅಪ್ಪನ ಕೆಲಸ, ಮಗನ ಕೆಲಸ ಪಕ್ಕ ಪಕ್ಕ ಇಟ್ಟು ನೋಡ್ರಿ. ಅಪ್ಪ ಸತ್ಯವೇದ ತಿದ್ದೋಕೆ ಕೂತ್ರೆ ಒಂದೊಂದು ಮಾತಿಗೂ ಇದು ಕನ್ನಡದೋರು ಆಡೋ ಮಾತೇ ಹೌದಾ ಅಂತ ತೂಗಿ ನೋಡ್ಬೇಕು. ಮಗ ಕಲ್ಲಿನ ಮುಂದೆ ಕೂತ್ರೆ ಒಂದೊಂದು ಅಕ್ಷರಕ್ಕೂ ಇದು ನಾನು ಅಂದ್ಕೊಂಡಿದ್ದೋ, ಕಲ್ಲು ಹೇಳಿದ್ದೋ ಅಂತ ನೋಡ್ಬೇಕು. ಇಲ್ಲದ್ದನ್ನ ಸೇರಿಸ್ಬಾರ್ದು, ಇದ್ದದ್ದನ್ನ ಬಿಡ್ಬಾರ್ದು. ಸುಳ್ಳು ಸಾಕ್ಷಿ ಹೇಳ್ಬಾರ್ದು ಅನ್ನೋ ಆಜ್ಞೆ ನಮ್ಮ ಹತ್ತರಾಗೆ ಒಂದು. ಅದನ್ನ ಬರೀ ಕೋರ್ಟಿಗೆ ಸಂಬಂಧಪಟ್ಟಿದ್ದು ಅಂತ ತಿಳೀತೀವಿ. ಬೇರೆಯವರ ಧರ್ಮ, ಬೇರೆಯವರ ಕಾಲ, ಬೇರೆಯವರ ಅಜ್ಜಂದಿರು ಹೇಳಿದ್ದನ್ನ ಅವರು ಹೇಳಿದಂಗೇ ಹೇಳೋದೂ ನಿಜ ಸಾಕ್ಷಿ ಅಲ್ವಾ? ನೆರೆಯವರನ್ನ ನಮ್ಮಂಗೇ ಪ್ರೀತಿಸ್ಬೇಕು ಅಂತ ಯೇಸುಸ್ವಾಮಿ ಹೇಳಿದ್ದಕ್ಕೆ ಇದೂ ಒಂದು ದಾರಿ ಅಂತ ನಾನು ನಂಬಿದ್ದೀನಿ. ಇದನ್ನ ಲೂಯಿಸ್ ರೈಸ್ ಯಾವ ಶಾಲೆಯಾಗೆ ಓದಿದ್ರೂ, ಮೊದಲು ಕಂಡಿದ್ದು ಕನ್ನಡ ಮಾತನ್ನ ಅಷ್ಟು ಜತನದಿಂದ ತೂಗ್ತಿದ್ದ ಮನೆಯಾಗೆ.

ಇನ್ನೊಬ್ಬ ಮಗ ಎಡ್ವರ್ಡ್ ರೈಸ್ ಅಪ್ಪನ ಹಾದಿ ಹಿಡಿದು ಅದೇ ಮಿಷನ್ನಿನಾಗೆ ಪಾದ್ರಿ ಆದ್ರು. ಅಪ್ಪನ ಜೀವನಚರಿತ್ರೆ ಬರೆದದ್ದು ಅವರೇ. ಆದ್ರೆ ಕನ್ನಡದೋರು ಅವರನ್ನ ನೆನೆಸೋದು ಇಂಗ್ಲಿಷಿನಾಗೆ ಬರೆದ ಕನ್ನಡ ಸಾಹಿತ್ಯ ಚರಿತ್ರೆಗೆ. 1921ರ ಆವೃತ್ತಿ ಇವತ್ತಿಗೂ ಓದ್ತಾರೆ. ಜೈನರು, ವೀರಶೈವರು, ದಾಸರು ಎಲ್ಲರೂ ಅದ್ರಾಗೆ ಬರ್ತಾರೆ. ಹಂಗಾದ್ರೆ ಪಾದ್ರಿ ಆದ ಮಗನೂ, ಆಗದ ಮಗನೂ ಕಡೆಗೆ ಬಂದು ನಿಂತದ್ದು ಒಂದೇ ಜಗಲಿ ಮ್ಯಾಲೆ.

ಮಿಷನರಿಗಳೆಲ್ಲ ಹಿಂಗೇ ಇದ್ರು ಅಂತ ಹೇಳಿದ್ರೆ ಅದೂ ಸುಳ್ಳು ಸಾಕ್ಷಿನೇ. ನಮ್ಮ ಜನರ ಪೂಜೆ ಪುರಸ್ಕಾರನ್ನ ಹೀಯಾಳಿಸಿ ಬರೆದ ಕರಪತ್ರಗಳಿದ್ವು. ಜಾತ್ರೆಯಾಗೆ ನಿಂತು ಅಲ್ಲಿನ ದೇವರನ್ನೇ ಬೈದು ಬೋಧನೆ ಮಾಡಿದೋರಿದ್ರು. ಮಿಷನ್ ಶಾಲೆಗೆ ಕಳಿಸಿದ್ರೆ ಮಗ ಜಾತಿ ಬಿಟ್ಟು ಹೋಗ್ತಾನೆ ಅಂತ ಹೆದರಿ ಮಕ್ಕಳನ್ನ ಬಿಡಿಸ್ಕೊಂಡ ತಂದೆತಾಯಿ ಎಷ್ಟೋ ಜನ. ಅವರ ಹೆದರಿಕೆ ಸುಮ್ನೆ ಅಲ್ಲ. ಬಿಳಿ ದೊರೆಗಳ ಆಳ್ವಿಕೆ ಬೆನ್ನಿಗೆ ಇದ್ದಾಗ ಸುವಾರ್ತೆ ಹೇಳೋನ ಮಾತಿಗೂ ಒಂದು ಅಧಿಕಾರದ ತೂಕ ಬರ್ತಿತ್ತು. ಅಶೋಕನ ಮಾತಿಗೂ ಅಷ್ಟೇ ಅಲ್ವಾ, ಅಧಿಕಾರಿಗಳ ಕೈಲಿ ಕಳಿಸಿದ ಧರ್ಮ ಅದು. ಆದ್ರೆ ಅಧಿಕಾರ ಹೋಗ್ತೈತೆ. ಮೌರ್ಯರೂ ಹೋದ್ರು, ಕಂಪನಿ ದೊರೆಗಳೂ ಹೋದ್ರು. ತಾಯಿ ತಂದೆ ಮಾತು ಕೇಳು ಅನ್ನೋದು ಬಂಡೆ ಮ್ಯಾಲೆ ಉಳೀತು. ಕನ್ನಡ ಪದಗಳನ್ನ ಗೋಧಿ ಹಸನು ಮಾಡಿದಂಗೆ ಹಸನು ಮಾಡಿಟ್ಟ ನಿಘಂಟು ಉಳೀತು.

ಮೊಳಕಾಲ್ಮೂರು ಸೀರೆ ಉಟ್ಟೋರಿಗೆ ಗೊತ್ತು, ಅಂಚು ಒಂದು ಬಣ್ಣ, ಒಡಲು ಇನ್ನೊಂದು ಬಣ್ಣ. ನೋಡೋರಿಗೆ ಎರಡು ಬಟ್ಟೆ ಕೂಡಿಸಿದಂಗೆ ಕಾಣ್ತೈತೆ. ನೇಯೋರು ಅದನ್ನ ಮಗ್ಗದ ಮ್ಯಾಲೇ ಕೂಡಿಸ್ಕೊಂಡು ಹೋಗ್ತಾರೆ, ಹೊಲಿಗೆ ಇಲ್ಲ. ಅಪ್ಪನ ಬಣ್ಣ ಮಗನಿಗೆ ಹಂಗೇ ಬರಲ್ಲ. ಬರ್ಬೇಕು ಅಂತ ಹಟ ಹಿಡಿದ್ರೆ ಸೀರೆ ಬರೀ ಒಂದೇ ಬಣ್ಣದ್ದಾಗ್ತೈತೆ. ನೂಲು ಕಡೀದಂಗೆ ನೋಡ್ಕೊಂಡ್ರೆ ಸಾಕು.

ನಮ್ಮಪ್ಪ ಕಡೇತನಕ ಬಾಯಿಬಿಟ್ಟು ತಮ್ಮನ ಕೆಲಸ ಒಳ್ಳೇದು ಅಂತ ಹೇಳ್ಲಿಲ್ಲ. ಆದ್ರೆ ಮೊಳಕಾಲು ನೋವು ಬಂದು ಹಳ್ಳಿ ಸುತ್ತೋದು ನಿಂತ ಮ್ಯಾಲೆ, ಆ ಸೈಕಲ್ಲಿಗೆ ಹೊಸ ಟೈರ್ ಹಾಕಿಸಿ ತಮ್ಮನ ಹಟ್ಟಿ ಶಾಲೆಗೆ ಕಳಿಸ್ಕೊಟ್ರು. ತಮ್ಮನ ಹತ್ರ ಆಗ್ಲೇ ಬೈಕ್ ಇತ್ತು. ಆದ್ರೂ ಸೈಕಲ್ ಇಸ್ಕೊಂಡ. ಈಗ ಹಟ್ಟಿಯಿಂದ ಹೈಸ್ಕೂಲಿಗೆ ದೂರ ಹೋಗೋ ಹುಡುಗರು ವರ್ಷಕ್ಕೊಬ್ಬರಂತೆ ಅದನ್ನ ಓಡಿಸ್ತಾರೆ.

ಅತ್ತೆ ಈಗ ಮೊಮ್ಮಕ್ಕಳಿಗೆ ಶೇಂಗಾ ಬಿಡಿಸ್ತಾ ಪಾಠ ಹೇಳೋದು ಕೇಳ್ಬೇಕು ನೀವು. ಒಳ್ಳೇ ಬೀಜ ಈ ಮೊರಕ್ಕೆ, ಹುಳುಕು ಆ ಮೊರಕ್ಕೆ, ಬಿತ್ತನೆಗೆ ಇಡೋದು ಬೇರೆ. ಬಿತ್ತುವವನ ಸಾಮ್ಯ ಅಲ್ಲೇ ಬರ್ತೈತೆ. ಯಾವ ಬೀಜ ದಾರಿ ಮ್ಯಾಲೆ ಬಿತ್ತು, ಯಾವುದು ಕಲ್ಲುನೆಲದ ಮ್ಯಾಲೆ ಬಿತ್ತು ಅಂದಾಗ ನಮ್ ಮಕ್ಕಳಿಗೆ ಕಲ್ಲುನೆಲ ಅಂದ್ರೇನು ಅಂತ ಹೇಳ್ಕೊಡ್ಬೇಕಾಗಿಲ್ಲ, ಚಳ್ಳಕೆರೆ ಸೀಮೆಯೋರು. ಒಂದು ದಿನ ನಮ್ಮ ಚಿಕ್ಕೋನು ಕೇಳಿದ, ‘ಅಜ್ಜಿ, ಕಲ್ಲಿನ ಮ್ಯಾಲೆ ಬಿದ್ದ ಬೀಜ ಒಣಗಿ ಹೋಯ್ತು ಅಂತೀಯ. ಅಶೋಕನ ಮಾತು ಕಲ್ಲಿನ ಮ್ಯಾಲೇ ಬಿತ್ತಲ್ಲ, ಅದ್ಯಾಕೆ ಒಣಗಲಿಲ್ಲ?’ ಅತ್ತೆ ಸ್ವಲ್ಪ ಹೊತ್ತು ಸುಮ್ನಿದ್ರು. ‘ಕೆತ್ತಿದ್ರಲ್ಲಪ್ಪ, ಬರೀ ಎಸೀಲಿಲ್ಲ’ ಅಂದ್ರು.

ಕೆತ್ತಿದವನ ಹೆಸರೂ ಬಂಡೆ ಮ್ಯಾಲೆ ಐತೆ. ಚಪಡ ಅಂತ. ಮಾತೆಲ್ಲ ಬ್ರಾಹ್ಮಿಯಾಗೆ ಬರೆದು, ಕೊನೆಗೆ ತನ್ನ ಹೆಸರಿನ ಮುಂದೆ ಲಿಪಿಕಾರ ಅನ್ನೋ ಅರ್ಥದ ಮಾತನ್ನ ಖರೋಷ್ಠಿಯಾಗೆ ಕೆತ್ತಿದ್ದಾನೆ. ಖರೋಷ್ಠಿ ಬಲದಿಂದ ಎಡಕ್ಕೆ ಬರೆಯೋ ಲಿಪಿ, ಪೇಶಾವರ ಕಡೆಯದು. ಆ ಸೀಮೆ ಅಕ್ಷರ ಕಲಿತ ಮನುಷ್ಯ ಇಷ್ಟು ದೂರ ಬಂದು, ಈ ಬಿಸಿಲಾಗೆ ಕೂತು, ಇಲ್ಲಿನ ಜನಕ್ಕೆ ಅವ್ವ ಅಪ್ಪನ ಮಾತು ಕೇಳ್ರಿ ಅಂತ ಬರೆದು ಹೋದ. ಎರಡು ಸಾವಿರ ವರ್ಷದ ಮ್ಯಾಲೆ ಇನ್ನೊಂದು ದೂರದ ಸೀಮೆಯೋರ ಮಗ ಬಂದು ಅದನ್ನ ಓದಿ ಹೇಳಿದ. ಲೂಯಿಸ್ ರೈಸ್ 1906ರಲ್ಲಿ ನಿವೃತ್ತಿ ಆಗಿ ಇಂಗ್ಲೆಂಡಿಗೆ ಹೋದ್ರು, 1927ರಲ್ಲಿ ಹ್ಯಾರೋ ಅನ್ನೋ ಊರಾಗೆ ತೀರ್ಕೊಂಡ್ರು. ತೊಂಬತ್ತಕ್ಕೆ ಕೆಲವೇ ದಿನ ಬಾಕಿ ಇತ್ತು.

ಬಂಡೆಗಳು ಈಗ ಪುರಾತತ್ವ ಇಲಾಖೆ ರಕ್ಷಣೆಯಾಗೆ ಅವೆ. ರಜಾದಾಗೆ ಮಕ್ಕಳನ್ನ ಕರ್ಕೊಂಡು ಹೋಗ್ರಿ. ಬಿಸಿಲು ಏರೋ ಮುಂಚೆ ಹೊರಡ್ರಿ, ನೀರು ಜಾಸ್ತಿ ಇಟ್ಕೊಳ್ರಿ, ಬುತ್ತಿಗೆ ರೊಟ್ಟಿ ಶೇಂಗಾ ಚಟ್ನಿ ಸಾಕು. ಮೊದ್ಲು ಬ್ರಹ್ಮಗಿರಿ, ಸಿದ್ದಾಪುರ ನೋಡಿ ಆಮ್ಯಾಲೆ ಜಟಿಂಗ ರಾಮೇಶ್ವರ ಹತ್ರಿ, ಮೆಟ್ಟಿಲು ಬಹಳ ಅವೆ. ಮೇಲೆ ಬಳೆಗಾರ ಗುಂಡಿನ ಹತ್ರ ಹೋದಾಗ ಅಕ್ಷರ ತುಳೀಬ್ಯಾಡ್ರಿ ಅಂತ ಮಕ್ಕಳಿಗೆ ಹೇಳ್ರಿ. ಅದ್ರಾಗೆ ಏನು ಬರೆದೈತೆ ಅಂತ ಕೇಳಿದ್ರೆ, ಈಗ ನಿಮಗೆ ಹೇಳೋಕೆ ಗೊತ್ತಲ್ಲ.